ನಂಬಿಕೆ ಹೇಳಿದ್ದಕ್ಕೆ ಬಂದ ವಾರ್ನಿಂಗ್ ಲೆಟರ್: ಟೀಕೆ ಎಲ್ಲಿಯವರೆಗೆ, ಶಿಕ್ಷೆ ಎಲ್ಲಿಂದ?

ಕಳೆದ ಜೂನ್‌ನಲ್ಲಿ ಒಂದು ರಾತ್ರಿ ಹತ್ತೂವರೆಗೆ ಗೆಳೆಯನ ಫೋನ್ ಬಂತು. ಬೆಂಗಳೂರಿನ ಔಟರ್ ರಿಂಗ್ ರೋಡ್ ಕಡೆ ಒಂದು ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿರುವವನು. ಭಾನುವಾರ ಚರ್ಚ್ ತಪ್ಪಿಸುವುದಿಲ್ಲ. ಆ ತಿಂಗಳು ಆಫೀಸಿನಲ್ಲಿ ಸಲಿಂಗಿಗಳು, ಲಿಂಗತ್ವ ಅಲ್ಪಸಂಖ್ಯಾತರ ಪರವಾದ ಪ್ರೈಡ್ ಆಚರಣೆ ಇತ್ತು. ಐಡಿ ಕಾರ್ಡಿಗೆ ಹಾಕಿಕೊಳ್ಳಲು ಎಲ್ಲರಿಗೂ ಕಾಮನಬಿಲ್ಲಿನ ಬಣ್ಣದ ಟ್ಯಾಗ್ ಹಂಚಿದ್ದರು. ಇವನು ತೆಗೆದುಕೊಳ್ಳಲಿಲ್ಲ. ಯಾಕೆ ಅಂತ ಟೀಮ್ ಚಾಟ್‌ನಲ್ಲಿ ಒಬ್ಬರು ಕೇಳಿದರು. ಇವನು ಬರೆದ: "ಮದುವೆ ಅನ್ನೋದು ಗಂಡು ಹೆಣ್ಣಿನ ನಡುವೆ ಅಂತ ನನ್ನ ಧರ್ಮ ಹೇಳುತ್ತೆ. ನಾನೂ ಹಾಗೇ ನಂಬ್ತೀನಿ. ಯಾರ ಮೇಲೂ ದ್ವೇಷ ಇಲ್ಲ, ಎಲ್ಲರ ಜೊತೆನೂ ಕೆಲಸ ಮಾಡ್ತೀನಿ. ಆದ್ರೆ ಇದನ್ನ ಹಾಕ್ಕೊಂಡ್ರೆ ನಾನು ನಂಬದೇ ಇರೋದನ್ನ ನಂಬ್ತೀನಿ ಅಂತ ಹೇಳಿದ ಹಾಗಾಗುತ್ತೆ."

ಸಂಜೆಯೊಳಗೆ ಅದರ ಸ್ಕ್ರೀನ್‌ಶಾಟ್ ಇಡೀ ಕ್ಯಾಂಪಸ್ ಸುತ್ತಿತು. ಇಂಥವರ ಜೊತೆ ಹೇಗೆ ಕೆಲಸ ಮಾಡೋದು ಅಂತ ಗುರುತೇ ಇಲ್ಲದವರು ಬರೆದರು. ಮೂರನೇ ದಿನ ಎಚ್‌ಆರ್ ಕರೆಸಿತು. ಅದರ ಮುಂದಿನ ವಾರ ವಾರ್ನಿಂಗ್ ಲೆಟರ್ ಬಂತು. "ನಾನು ಮಾಡಿದ್ದು ಏನು ತಪ್ಪು, ಹೇಳೋ. ಕಾನೂನಿನಲ್ಲಿ ಇದಕ್ಕೆ ಏನಿದೆ?" ಅಂತ ಅವನು ಕೇಳಿದ. ನನಗೆ ಸರಿಯಾದ ಉತ್ತರ ಗೊತ್ತಿರಲಿಲ್ಲ.

ಅದೇ ವಾರ ಹನುಮಂತನಗರದಲ್ಲಿ ನಮ್ಮ ಬೀದಿಯಲ್ಲೇ ಇನ್ನೊಂದು ಘಟನೆ ನಡೆಯಿತು. ಇಪ್ಪತ್ಮೂರು ವರ್ಷದ ಹುಡುಗಿ. ತನಗೆ ಹುಡುಗಿಯ ಮೇಲೆ ಪ್ರೀತಿ ಇದೆ ಅಂತ ತಾಯಿಗೆ ಹೇಳಿದಳು. ಮನೆಯವರು ಅವಳ ಫೋನ್ ಕಸಿದುಕೊಂಡರು, ಕೆಲಸ ಬಿಡಿಸಿದರು, "ಪರಿಹಾರ"ಕ್ಕೆ ಅಂತ ಯಾವುದೋ ಊರಿಗೆ ಕರೆದುಕೊಂಡು ಹೋದರು. ಅವಳ ತಂದೆ ತಾಯಿ ಕೆಟ್ಟವರಲ್ಲ. ನನ್ನ ಗೆಳೆಯ ನಂಬುವುದನ್ನೇ ಅವರೂ ನಂಬುತ್ತಾರೆ.

ಒಂದೇ ಊರು, ಒಂದೇ ವಾರ. ಒಂದು ಕಡೆ ಆ ನಂಬಿಕೆ ಹೇಳಿದವನ ಮೇಲೆ ಒತ್ತಡ ಬಿತ್ತು, ಇನ್ನೊಂದು ಕಡೆ ಅದೇ ನಂಬಿಕೆ ಒಬ್ಬಳ ಮೇಲೆ ಒತ್ತಡವಾಯಿತು. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ವಿವರಿಸಿದರೆ ವಿಷಯ ಅರ್ಧವೇ ಅರ್ಥವಾಗುತ್ತದೆ. ಅದಕ್ಕೇ ಇಷ್ಟು ದಿನ ಓದಿಕೊಂಡು, ಕೇಳಿ ತಿಳಿದುಕೊಂಡು ಈಗ ಬರೆಯುತ್ತಿದ್ದೇನೆ.

ಸಾಂಪ್ರದಾಯಿಕ ನಂಬಿಕೆ ಅಂದರೆ ಯಾವುದು?

"ಧರ್ಮದ ಪ್ರಕಾರ ಇದು ತಪ್ಪು" ಅಂತ ಎಲ್ಲರೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಹತ್ತಿರ ಹೋಗಿ ನೋಡಿದರೆ ಒಂದೊಂದು ಧರ್ಮ ಹೇಳುವುದು ಒಂದೊಂದು ಥರ ಇದೆ.

ಕ್ಯಾಥೊಲಿಕ್ ಚರ್ಚಿನ ಅಧಿಕೃತ ಬೋಧನೆ ಸಲಿಂಗ ಸಂಬಂಧವನ್ನು ಒಪ್ಪುವುದಿಲ್ಲ. ಆದರೆ ಅಂಥ ಮನಸ್ಸಿರುವವರನ್ನು ಗೌರವದಿಂದ, ಕರುಣೆಯಿಂದ ಕಾಣಬೇಕು, ಅನ್ಯಾಯವಾಗಿ ಭೇದ ಮಾಡಬಾರದು ಅಂತ ಅದೇ ಬೋಧನೆಯಲ್ಲಿ ಇದೆ. 2023ರ ಡಿಸೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ ವ್ಯಾಟಿಕನ್ ಇನ್ನೊಂದು ಹೆಜ್ಜೆ ಇಟ್ಟಿತು. ಇಂಥ ಜೋಡಿಗಳು ಬಂದು ಕೇಳಿದರೆ ಪಾದ್ರಿಗಳು ಆಶೀರ್ವಾದ ಮಾಡಬಹುದು, ಆದರೆ ಅದು ಮದುವೆಯ ಥರ ಕಾಣಬಾರದು ಅಂತ ಹೇಳಿತು. ಆಫ್ರಿಕಾದ ಅನೇಕ ಬಿಷಪ್‌ಗಳು ಇದನ್ನು ಒಪ್ಪಲಿಲ್ಲ. ಇಸ್ಲಾಂನ ಸಾಂಪ್ರದಾಯಿಕ ಪಂಥಗಳು ಸಲಿಂಗ ಕ್ರಿಯೆಯನ್ನು ನಿಷಿದ್ಧ ಅನ್ನುತ್ತವೆ.

ಹಿಂದೂಗಳಲ್ಲಿ ಇಂಥ ಒಂದೇ ಅಧಿಕೃತ ಪೀಠ ಇಲ್ಲ. ಒಂದು ಕಡೆ ಮದುವೆ ಒಂದು ಸಂಸ್ಕಾರ, ಅದು ಗಂಡು ಹೆಣ್ಣಿಗೆ ಮಾತ್ರ ಅನ್ನುವವರಿದ್ದಾರೆ. ಇನ್ನೊಂದು ಕಡೆ ನಮ್ಮ ಸವದತ್ತಿ ಎಲ್ಲಮ್ಮನ ಸಂಪ್ರದಾಯವೇ ಇದೆ. ಗಂಡಾಗಿ ಹುಟ್ಟಿ ಸೀರೆ ಉಟ್ಟು ದೇವಿಯ ಜಗ, ಅಂದರೆ ಮೂರ್ತಿ ಇಟ್ಟ ಬುಟ್ಟಿ, ಹೊತ್ತ ಜೋಗಪ್ಪಗಳಿಗೆ ಜನ ಕೈಮುಗಿಯುತ್ತಾರೆ. ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇದೂ ಸಂಪ್ರದಾಯವೇ ಅಲ್ವಾ?

ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. "ಇವರು ಸಂಪ್ರದಾಯವಾದಿ" ಅಂತ ಒಬ್ಬರಿಗೆ ಹಣೆಪಟ್ಟಿ ಹಚ್ಚಿದ ಕೂಡಲೇ ಅವರು ನಿಜವಾಗಿ ಏನು ಹೇಳಿದರು ಅಂತ ಯಾರೂ ಕೇಳುವುದಿಲ್ಲ. "ನನ್ನ ಧರ್ಮದಲ್ಲಿ ಮದುವೆ ಅಂದರೆ ಇದು" ಅನ್ನುವವರಿದ್ದಾರೆ. "ಇವರನ್ನು ಜೈಲಿಗೆ ಹಾಕಿ" ಅನ್ನುವವರೂ ಇದ್ದಾರೆ. ಇಬ್ಬರನ್ನೂ ಒಂದೇ ಚೀಲಕ್ಕೆ ತುಂಬುವುದು ನ್ಯಾಯವಲ್ಲ.

ಹದಿನಾಲ್ಕು ವರ್ಷದಲ್ಲಿ ಐದು ತೀರ್ಪು

ಹಿಂದಿನ ಕಥೆ ಗೊತ್ತಿಲ್ಲದಿದ್ದರೆ ಇವತ್ತಿನ ಸಿಟ್ಟು ಅರ್ಥವಾಗುವುದಿಲ್ಲ. ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ ಬ್ರಿಟಿಷರು 1860ರಲ್ಲಿ ತಂದದ್ದು. ವಯಸ್ಸಿಗೆ ಬಂದ ಒಂದೇ ಲಿಂಗದ ಇಬ್ಬರು ಒಪ್ಪಿಕೊಂಡು ಸೇರಿದರೂ ಅದರ ಪ್ರಕಾರ ಅಪರಾಧವಾಗಿತ್ತು. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್ ಅದನ್ನು ಸಡಿಲಿಸಿತು. ಆ ತೀರ್ಪಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ದೆಹಲಿಯ ಒಬ್ಬ ಜ್ಯೋತಿಷಿ, ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ, ಕೆಲವು ಚರ್ಚ್ ಸಂಘಟನೆಗಳು ಎಲ್ಲರೂ ಇದ್ದರು. ಬೇರೆ ವಿಷಯಗಳಲ್ಲಿ ಒಟ್ಟಿಗೆ ನಿಲ್ಲದವರು ಇಲ್ಲಿ ಒಂದೇ ಸಾಲಿನಲ್ಲಿ ನಿಂತರು. 2013ರ ಡಿಸೆಂಬರ್ 11ರಂದು ಅವರು ಗೆದ್ದರು, 377 ಮತ್ತೆ ಬಂತು.

ಆಮೇಲೆ ಗಾಳಿ ತಿರುಗಿತು. ಅದರಲ್ಲಿ ಬೆಂಗಳೂರಿಗೂ ಪಾಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಷಯಕ್ಕೆ ಅರ್ಜಿ ಹಾಕಿದ್ದರು. ಆ ಕೇಸಿನಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. ಒಬ್ಬರ ಲೈಂಗಿಕ ಒಲವೂ ಆ ಖಾಸಗಿತನದ ಒಳಗೆ ಬರುತ್ತದೆ ಅಂತಲೂ ಅದರಲ್ಲಿ ಬಂತು. ಅಲ್ಲಿಂದ ದಾರಿ ಸಲೀಸಾಯಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳೂ ಒಂದೇ ದನಿಯಲ್ಲಿ 377ರ ಆ ಭಾಗವನ್ನು ತೆಗೆದುಹಾಕಿದರು. ಈ ಜನರಿಗೂ ಅವರ ಮನೆಯವರಿಗೂ ಇತಿಹಾಸ ಕ್ಷಮೆ ಕೇಳಬೇಕು ಅಂತ ನ್ಯಾಯಮೂರ್ತಿ ಇಂದೂ ಮಲ್ಹೋತ್ರಾ ಬರೆದರು. ಆದರೆ 2023ರ ಅಕ್ಟೋಬರ್ 17ರಂದು ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆ ಕೆಲಸ ಸಂಸತ್ತಿನದು ಅಂತ ಹೇಳಿತು.

ಹಾಗಾಗಿ ಈಗಿನ ಸ್ಥಿತಿ ಇದು: ಸಂಬಂಧ ಅಪರಾಧವಲ್ಲ, ಮದುವೆಗೆ ಮಾನ್ಯತೆ ಇಲ್ಲ. ಮದುವೆ ಗಂಡು ಹೆಣ್ಣಿನ ನಡುವೆ ಅಂತ ನನ್ನ ಗೆಳೆಯ ಬರೆದದ್ದು ಇವತ್ತಿಗೂ ಈ ದೇಶದ ಮದುವೆ ಕಾನೂನು ಇರುವ ಹಾಗೇ ಇದೆ. ಅದನ್ನು ಹೇಳಿದ್ದಕ್ಕೆ ಅವನಿಗೆ ವಾರ್ನಿಂಗ್ ಬಂತು.

ಇದು ಹೇಗೆ ಆಯಿತು? ನನಗೆ ಅನ್ನಿಸುವುದು ಇಷ್ಟು. ಬೆಂಗಳೂರಿನಲ್ಲಿ ಗಾಳಿ ಎಲ್ಲಾ ಕಡೆ ಒಂದೇ ಸಲ ತಿರುಗಲಿಲ್ಲ. ದೊಡ್ಡ ಕಂಪನಿಗಳು, ಕೆಲವು ಕಾಲೇಜುಗಳು, ಇಂಗ್ಲಿಷ್ ಪತ್ರಿಕೆಗಳು ಬೇಗ ತಿರುಗಿದವು. ಮನೆ, ಮಠ, ಮಸೀದಿ, ಚರ್ಚು, ಪೊಲೀಸ್ ಠಾಣೆ ಹಾಗೇ ಇವೆ. ಬೆಳಗ್ಗೆ ಮನೆಯಲ್ಲಿ ಹತ್ತು ಜನ ಒಪ್ಪುವ ಮಾತನ್ನು ಹನ್ನೊಂದು ಗಂಟೆಗೆ ಆಫೀಸಿನಲ್ಲಿ ಹೇಳಿದರೆ ನೋಟಿಸ್ ಬರುತ್ತದೆ. ಆಫೀಸಿನಲ್ಲಿ ಚಪ್ಪಾಳೆ ಗಿಟ್ಟಿಸಿದ ಮಾತನ್ನು ಸಂಜೆ ಮನೆಯಲ್ಲಿ ಹೇಳಿದರೆ ಕೆನ್ನೆಗೆ ಏಟು ಬೀಳುತ್ತದೆ. ಯಾರ ಮೇಲೆ ಒತ್ತಡ ಅನ್ನುವುದು ನೀವು ಯಾವ ಬಾಗಿಲ ಒಳಗಿದ್ದೀರಿ ಅನ್ನುವುದರ ಮೇಲೆ ನಿಂತಿದೆ.

ಒತ್ತಡದಲ್ಲೂ ಹಂತಗಳಿವೆ

"ನನ್ನ ಮೇಲೆ ಒತ್ತಡ ಹಾಕ್ತಿದ್ದಾರೆ" ಅನ್ನುವ ಮಾತು ತುಂಬಾ ಅಗಲ. ಯಾರಾದರೂ ನಿಮ್ಮ ಅಭಿಪ್ರಾಯ ತಪ್ಪು ಅಂದರೆ ಅದೂ ಒತ್ತಡ, ಮನೆಗೆ ಕಲ್ಲು ಬಿದ್ದರೆ ಅದೂ ಒತ್ತಡ ಅನ್ನುವುದಾದರೆ ಆ ಪದಕ್ಕೆ ಅರ್ಥವೇ ಉಳಿಯುವುದಿಲ್ಲ.

ಮೊದಲನೆಯದು ಎದುರುಮಾತು. ನೀವು ನಾಲ್ಕು ಜನರ ಮುಂದೆ ಒಂದು ನಂಬಿಕೆ ಹೇಳಿದಿರಿ, ನಾಲ್ಕು ಜನ ಅದು ತಪ್ಪು ಅಂದರು. ಖಾರವಾಗಿಯೇ ಅಂದರು ಅಂತ ಇಟ್ಟುಕೊಳ್ಳಿ. ಇದರ ಬಗ್ಗೆ ದೂರುವುದಕ್ಕೆ ಏನೂ ಇಲ್ಲ. ಮಾತಾಡುವ ಹಕ್ಕು ನಿಮಗೆ ಎಷ್ಟಿದೆಯೋ ಅವರಿಗೂ ಅಷ್ಟೇ ಇದೆ. ಟೀಕೆ ಬಂದ ಕೂಡಲೇ "ನನ್ನ ಧರ್ಮದ ಮೇಲೆ ದಾಳಿ" ಅನ್ನುವುದು ಸರಿಯಲ್ಲ. ಧರ್ಮದ ಮಾತು ಸಾರ್ವಜನಿಕವಾಗಿ ಹೊರಗೆ ಬಂದ ಮೇಲೆ ಉಳಿದ ಮಾತುಗಳಂತೆ ಅದಕ್ಕೂ ಪ್ರಶ್ನೆ ಬರುತ್ತದೆ.

ಎರಡನೆಯದು ದೂರ ಇಡುವುದು. ಊಟಕ್ಕೆ ಕರೆಯುವುದಿಲ್ಲ, ಗ್ರೂಪಿನಿಂದ ತೆಗೆಯುತ್ತಾರೆ. ಮನಸ್ಸಿಗೆ ನೋವಾಗುತ್ತದೆ. ಆದರೂ ಯಾರ ಜೊತೆ ಕಾಫಿ ಕುಡಿಯಬೇಕು ಅನ್ನುವುದು ಅವರವರಿಗೆ ಬಿಟ್ಟದ್ದು.

ಮೂರನೆಯದು ಹೊಟ್ಟೆಪಾಡಿಗೆ ಕೈ ಹಾಕುವುದು. ನನ್ನ ಪ್ರಕಾರ ಗೆರೆ ಎಳೆಯಬೇಕಾದ ಜಾಗ ಇದು. ಆದರೆ ಇಲ್ಲೇ ಜಾಸ್ತಿ ಗೊಂದಲ ಇರುವುದು. ಹೊರದೇಶಗಳಲ್ಲಿ ಇದು ಹೇಗೆಲ್ಲ ನಡೆದಿದೆ ಅಂತ ನೋಡಿದರೆ ಸ್ವಲ್ಪ ತಿಳಿಯಾಗುತ್ತದೆ.

ಅಮೆರಿಕದ ಮೊಜಿಲ್ಲಾ ಕಂಪನಿಗೆ 2014ರಲ್ಲಿ ಬ್ರೆಂಡನ್ ಐಕ್ ಸಿಇಒ ಆದರು. ಸಲಿಂಗ ಮದುವೆ ಬೇಡ ಅನ್ನುವ ಕ್ಯಾಲಿಫೋರ್ನಿಯಾದ ಅಭಿಯಾನಕ್ಕೆ ಅವರು 2008ರಲ್ಲಿ ಒಂದು ಸಾವಿರ ಡಾಲರ್ ಕೊಟ್ಟಿದ್ದರು. ಅದರ ವಿರುದ್ಧ ಎಷ್ಟು ಕೂಗು ಎದ್ದಿತು ಅಂದರೆ ಅವರು ಕುರ್ಚಿಯಲ್ಲಿ ಎರಡು ವಾರವೂ ಕೂರಲಿಲ್ಲ. ಕ್ಯಾಲಿಫೋರ್ನಿಯಾದ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ 2008ರಲ್ಲಿ ಆ ಪ್ರಸ್ತಾಪಕ್ಕೇ ಮತ ಹಾಕಿದ್ದರು.

ಆಸ್ಟ್ರೇಲಿಯಾದ ರಗ್ಬಿ ಆಟಗಾರ ಇಸ್ರೇಲ್ ಫೊಲಾವ್ ಅವರದು ಬೇರೆ ಥರ. ಕುಡುಕರು, ಸಲಿಂಗಿಗಳು, ಸುಳ್ಳುಗಾರರು, ಕಳ್ಳರು, ನಾಸ್ತಿಕರು ಹೀಗೆ ಪಟ್ಟಿ ಮಾಡಿ, ನಿಮಗೆ ನರಕ ಕಾದಿದೆ ಅಂತ 2019ರ ಏಪ್ರಿಲ್‌ನಲ್ಲಿ ಇನ್‌ಸ್ಟಾಗ್ರಾಂನಲ್ಲಿ ಹಾಕಿದರು. ಮುಂದಿನ ತಿಂಗಳು ರಗ್ಬಿ ಆಸ್ಟ್ರೇಲಿಯಾ ಅವರ ಗುತ್ತಿಗೆ ರದ್ದು ಮಾಡಿತು. ಕೇಸು ನಡೆದು ವರ್ಷದ ಕೊನೆಗೆ ರಾಜಿಯಾಯಿತು. ಐಕ್ ಹಣ ಕೊಟ್ಟಿದ್ದು ತನ್ನ ಪಾಡಿಗೆ. ಫೊಲಾವ್ ಕೋಟ್ಯಂತರ ಜನ ನೋಡುವ ಆಟಗಾರ, ಎದುರಿಗಿರುವವರಿಗೇ "ನಿಮಗೆ ನರಕ" ಅಂದರು. ನಂಬಿಕೆ ಹೆಚ್ಚು ಕಡಿಮೆ ಒಂದೇ, ಹೇಳಿದ ರೀತಿ ಬೇರೆ.

ಇಂಗ್ಲೆಂಡಿನ ಹಿಗ್ಸ್ ಪ್ರಕರಣ ನನಗೆ ತುಂಬಾ ಉಪಯೋಗಕ್ಕೆ ಬಂತು. ಶಾಲೆಯ ಒಬ್ಬ ಮಹಿಳಾ ಸಿಬ್ಬಂದಿ. ಲೈಂಗಿಕ ಶಿಕ್ಷಣದಲ್ಲಿ ಮಕ್ಕಳಿಗೆ ಹೇಳಿಕೊಡುವುದು ತನ್ನ ಕ್ರೈಸ್ತ ನಂಬಿಕೆಗೆ ಸರಿಬರುವುದಿಲ್ಲ ಅಂತ ಫೇಸ್‌ಬುಕ್‌ನಲ್ಲಿ ಹಂಚಿಕೊಂಡಿದ್ದರು. ಶಾಲೆ ಕೆಲಸದಿಂದ ತೆಗೆಯಿತು. 2025ರ ಫೆಬ್ರವರಿಯಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಕೋರ್ಟು ನೋಡಿದ್ದು ಮಾತು ಒಪ್ಪಿಗೆಯೋ ಇಲ್ಲವೋ ಅಂತ ಅಲ್ಲ. ಆಕೆ ಕೆಲಸದಲ್ಲಿ ಯಾರಿಗಾದರೂ ಭೇದ ಮಾಡಿದರೇ? ಬಳಸಿದ ಭಾಷೆ ಎಷ್ಟು ಒರಟು? ಕೊಟ್ಟ ಶಿಕ್ಷೆ ಆ ತಪ್ಪಿನ ತೂಕಕ್ಕೆ ಸರಿಹೊಂದುತ್ತದೆಯೇ? ಈ ಪ್ರಶ್ನೆಗಳನ್ನು ಇಟ್ಟುಕೊಂಡು, ಕೆಲಸದಿಂದ ತೆಗೆದದ್ದು ಅತಿಯಾಯಿತು ಅಂತ ಹೇಳಿತು. ಇದು ಸಾಧ್ಯವಾದದ್ದು ಅಲ್ಲಿ 2010ರ ಸಮಾನತೆ ಕಾಯ್ದೆ ಇರುವುದರಿಂದ. ಆ ಕಾಯ್ದೆ ಧಾರ್ಮಿಕ ನಂಬಿಕೆಯನ್ನೂ ಕಾಪಾಡುತ್ತದೆ, ಲೈಂಗಿಕ ಒಲವನ್ನೂ ಕಾಪಾಡುತ್ತದೆ. ಎರಡೂ ಒಂದೇ ಪುಟದಲ್ಲಿವೆ.

ನಾಲ್ಕನೆಯದು ಸರ್ಕಾರವೇ ಕೇಸು ಹಾಕುವುದು. ಫಿನ್ಲೆಂಡಿನಲ್ಲಿ ಮಾಜಿ ಗೃಹಮಂತ್ರಿ ಪೈವಿ ರಸಾನೆನ್ 2019ರಲ್ಲಿ ಬೈಬಲ್ ಸಾಲುಗಳ ಫೋಟೊ ಹಾಕಿ, ಪ್ರೈಡ್‌ಗೆ ತಮ್ಮ ಚರ್ಚು ಬೆಂಬಲ ಕೊಟ್ಟದ್ದನ್ನು ಪ್ರಶ್ನಿಸಿದರು. ಅದಕ್ಕೂ ಅವರ ಇನ್ನೆರಡು ಹೇಳಿಕೆಗಳಿಗೂ ಸೇರಿಸಿ ದ್ವೇಷ ಭಾಷಣದ ಕೇಸಾಯಿತು. 2022ರಲ್ಲಿ ಜಿಲ್ಲಾ ಕೋರ್ಟು, 2023ರಲ್ಲಿ ಮೇಲಿನ ಕೋರ್ಟು ಅವರನ್ನು ಬಿಡುಗಡೆ ಮಾಡಿದವು. ಅಷ್ಟಾದರೂ ಸರ್ಕಾರಿ ವಕೀಲರು ಬಿಡದೆ ಇನ್ನೂ ಮೇಲಕ್ಕೆ ಹೋದರು. ಎರಡು ಸಲ ಬಿಡುಗಡೆಯಾದರೂ ಮತ್ತೆ ಮತ್ತೆ ಕೋರ್ಟಿಗೆ ಅಲೆಯುವುದೇ ಒಂದು ಶಿಕ್ಷೆ. ನಮ್ಮಲ್ಲಿ ಸಿಟಿ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಐದನೆಯದು ಬೆದರಿಕೆ, ಹೊಡೆತ. ಅದರ ಬಗ್ಗೆ ವಾದವೇ ಇಲ್ಲ. ಯಾರು ಯಾರಿಗೆ ಮಾಡಿದರೂ ಅಪರಾಧ.

ನಮ್ಮ ಕಾನೂನು ಎಲ್ಲಿ ನಿಲ್ಲುತ್ತದೆ

ಸಂವಿಧಾನದ 19ನೇ ವಿಧಿ ಮಾತಿನ ಸ್ವಾತಂತ್ರ್ಯ ಕೊಡುತ್ತದೆ. 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ, ಧರ್ಮವನ್ನು ಪಾಲಿಸುವ, ಸಾರುವ ಸ್ವಾತಂತ್ರ್ಯ ಕೊಡುತ್ತದೆ. ಎರಡಕ್ಕೂ ಮಿತಿಗಳಿವೆ. ಆದರೆ "ಕೇಳಿದವರಿಗೆ ಬೇಜಾರಾಯಿತು" ಅನ್ನುವುದು ಆ ಮಿತಿಗಳ ಪಟ್ಟಿಯಲ್ಲಿ ಇಲ್ಲ. 2015ರ ಮಾರ್ಚ್ 24ರಂದು, ಆನ್‌ಲೈನ್‌ನಲ್ಲಿ ಇನ್ನೊಬ್ಬರಿಗೆ ಬೇಜಾರಾಗುವ ಮಾತು ಹಾಕಿದರೆ ಅಪರಾಧ ಅನ್ನುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ರದ್ದು ಮಾಡುವಾಗ ಸುಪ್ರೀಂ ಕೋರ್ಟ್ ಮಾತನ್ನು ಮೂರು ಥರ ವಿಂಗಡಿಸಿತು: ಚರ್ಚೆ, ಪ್ರತಿಪಾದನೆ, ಪ್ರಚೋದನೆ. ಮೊದಲ ಎರಡು ಎಷ್ಟೇ ಕಹಿಯಾಗಿದ್ದರೂ ಅವಕ್ಕೆ ರಕ್ಷಣೆ ಇದೆ. ಮೂರನೆಯದಕ್ಕೆ ಹೋದಾಗ ಮಾತ್ರ ಸರ್ಕಾರ ಕೈ ಹಾಕಬಹುದು.

ಇದಕ್ಕೆ ಮೊದಲೇ, 2010ರಲ್ಲಿ, ನಟಿ ಖುಷ್ಬು ಅವರ ಕೇಸು ಬಂದಿತ್ತು. ಅದು ನನ್ನ ಗೆಳೆಯನ ಕಥೆಯನ್ನು ತಿರುಗಿಸಿ ಹಿಡಿದಂತಿದೆ. ಮದುವೆಗೆ ಮುಂಚಿನ ಲೈಂಗಿಕ ಸಂಬಂಧದ ಬಗ್ಗೆ 2005ರಲ್ಲಿ ಒಂದು ಪತ್ರಿಕೆಗೆ ಅವರು ಮುಕ್ತವಾಗಿ ಮಾತಾಡಿದ್ದರು. ಸಂಪ್ರದಾಯಕ್ಕೆ ಅವಮಾನ ಅಂತ 23 ದೂರುಗಳು ಬಿದ್ದವು. ಸುಪ್ರೀಂ ಕೋರ್ಟ್ ಎಲ್ಲವನ್ನೂ ವಜಾ ಮಾಡಿತು. ಅವರ ಮಾತು ಒಪ್ಪಿಗೆ ಇಲ್ಲದಿದ್ದರೆ ಪತ್ರಿಕೆಗಳಲ್ಲಿ, ವೇದಿಕೆಗಳಲ್ಲಿ ಎದುರುಮಾತು ಹೇಳಿ, ಪೊಲೀಸರ ಹತ್ತಿರ ಓಡಬೇಡಿ ಅನ್ನುವುದು ಅದರ ಸಾರ. ಅವತ್ತು ಸಂಪ್ರದಾಯದ ಕಡೆಯವರು ಒತ್ತಡ ಹಾಕುತ್ತಿದ್ದರು. ಆ ತೀರ್ಪು ಇವತ್ತು ಸಂಪ್ರದಾಯದ ಕಡೆಯವರನ್ನೇ ಕಾಪಾಡುತ್ತದೆ. ಇನ್ನೊಬ್ಬರ ಬಾಯಿಗೆ ಬೀಗ ಹಾಕಲು ಹೊರಡುವ ಎಲ್ಲರೂ ಆ ಕೇಸನ್ನು ಒಮ್ಮೆ ಓದಬೇಕು.

ಟ್ಯಾಗ್ ವಿಷಯಕ್ಕೆ ಇನ್ನೂ ಹತ್ತಿರದ ಕೇಸು ಒಂದಿದೆ. 1985ರಲ್ಲಿ ಕೇರಳದ ಒಂದು ಶಾಲೆಯಿಂದ ಮೂವರು ಮಕ್ಕಳನ್ನು ಹೊರಹಾಕಿದರು. ಅವರು ಯೆಹೋವನ ಸಾಕ್ಷಿಗಳು ಅನ್ನುವ ಪಂಥದವರು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. ಮರುವರ್ಷ ಸುಪ್ರೀಂ ಕೋರ್ಟ್ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂತ ಹೇಳಿತು. ಮಾತಾಡುವ ಹಕ್ಕಿನ ಒಳಗೆ ಸುಮ್ಮನಿರುವ ಹಕ್ಕೂ ಇದೆ ಅನ್ನುವುದು ಆ ತೀರ್ಪಿನಿಂದ ಬಂದದ್ದು. ರಾಷ್ಟ್ರಗೀತೆಯನ್ನೇ ಬಲವಂತವಾಗಿ ಹಾಡಿಸುವ ಹಾಗಿಲ್ಲ ಅಂದಮೇಲೆ, ಒಬ್ಬನ ಕೊರಳಿಗೆ ಒಂದು ಬಣ್ಣದ ಟ್ಯಾಗ್ ಬಲವಂತವಾಗಿ ಹಾಕಿಸುವುದು ಹೇಗೆ ಸರಿ?

ಇಲ್ಲಿ ಒಂದು ತೊಡಕು ಇದೆ. ಅದನ್ನು ಮುಚ್ಚಿಟ್ಟರೆ ಓದುವವರಿಗೆ ಮೋಸವಾಗುತ್ತದೆ. ಮೂಲಭೂತ ಹಕ್ಕುಗಳು ಮುಖ್ಯವಾಗಿ ಸರ್ಕಾರದ ಎದುರು ನಿಲ್ಲುವುದಕ್ಕೆ ಇರುವುದು. ಕೇರಳದ ಮಕ್ಕಳ ಕೇಸಿನಲ್ಲಿ ಸರ್ಕಾರದ ಸುತ್ತೋಲೆ ಇತ್ತು. ಖಾಸಗಿ ಕಂಪನಿ ಸರ್ಕಾರವಲ್ಲ. 2023ರ ಜನವರಿ 3ರಂದು ಕೌಶಲ್ ಕಿಶೋರ್ ಕೇಸಿನಲ್ಲಿ ಐವರ ಪೀಠ, 19 ಮತ್ತು 21ನೇ ವಿಧಿಯ (ಮಾತಿನ ಸ್ವಾತಂತ್ರ್ಯ, ಜೀವ ಮತ್ತು ವ್ಯಕ್ತಿ ಸ್ವಾತಂತ್ರ್ಯದ) ಹಕ್ಕುಗಳನ್ನು ಖಾಸಗಿಯವರ ವಿರುದ್ಧವೂ ಕೇಳಬಹುದು ಅಂತ ಬಹುಮತದಿಂದ ಹೇಳಿತು. ಆ ಐವರಲ್ಲಿ ಮೂವರು ನಮ್ಮ ಕರ್ನಾಟಕ ಹೈಕೋರ್ಟಿನಿಂದ ಹೋದವರು. ಅವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಈ ಅಂಶವನ್ನು ಒಪ್ಪದೆ ಬೇರೆ ತೀರ್ಪು ಬರೆದರು. ಬಾಗಿಲು ತೆರೆದಿದೆ ನಿಜ. ಆದರೆ ಅದರೊಳಗೆ ಒಬ್ಬ ಸಾಮಾನ್ಯ ಉದ್ಯೋಗಿ ವಾರ್ನಿಂಗ್ ಲೆಟರ್ ಹಿಡಿದು ಹೇಗೆ ಹೋಗಬೇಕು ಅನ್ನುವ ದಾರಿ ಇನ್ನೂ ಸ್ಪಷ್ಟವಾಗಿಲ್ಲ.

ಇಂಗ್ಲೆಂಡಿನ ಥರದ ಸಮಗ್ರ ಭೇದಭಾವ ತಡೆ ಕಾಯ್ದೆ ನಮ್ಮಲ್ಲಿ ಇಲ್ಲ. ಶಶಿ ತರೂರ್ ಅಂಥ ಒಂದು ಖಾಸಗಿ ಮಸೂದೆ ತಂದಿದ್ದರು, ಅದು ಹಾಗೇ ಬಿದ್ದುಹೋಯಿತು. ಇದರ ಫಲ ಇಬ್ಬರಿಗೂ ಉಣ್ಣುವ ಹಾಗಾಗಿದೆ. ಧಾರ್ಮಿಕ ನಂಬಿಕೆ ಹೇಳಿದ್ದಕ್ಕೆ ನನ್ನ ಗೆಳೆಯನನ್ನು ಕಂಪನಿ ತೆಗೆದರೂ ಅವನಿಗೆ ನೇರವಾದ ಕಾಯ್ದೆ ಇಲ್ಲ. ಸಲಿಂಗಿ ಅನ್ನುವ ಕಾರಣಕ್ಕೆ ಪಕ್ಕದ ಕಂಪನಿ ಒಬ್ಬನನ್ನು ತೆಗೆದರೆ ಅವನಿಗೂ ಇಲ್ಲ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಮಾತ್ರ 2019ರ ಕಾಯ್ದೆಯಲ್ಲಿ ಉದ್ಯೋಗದ ಭೇದಭಾವದ ವಿರುದ್ಧ ಪ್ರತ್ಯೇಕ ಮಾತು ಬಂತು. ಈ ಇಬ್ಬರೂ ಒಂದೇ ಕಾಯ್ದೆಗಾಗಿ ಒಟ್ಟಿಗೆ ಫ್ರೀಡಂ ಪಾರ್ಕಿನಲ್ಲಿ ಕೂರಬೇಕಿತ್ತು. ಅದರ ಬದಲು ಒಬ್ಬರ ಸ್ಕ್ರೀನ್‌ಶಾಟ್ ಒಬ್ಬರು ಹಂಚುತ್ತಿದ್ದಾರೆ.

ಅದೇ ಟೀಮಿನ ಇನ್ನೊಬ್ಬ ಹುಡುಗ

ಗೆಳೆಯನ ಟೀಮಿನಲ್ಲೇ ಒಬ್ಬ ಸಲಿಂಗಿ ಹುಡುಗ ಇದ್ದಾನೆ. ಗೆಳೆಯ ಆ ಮೆಸೇಜ್ ಹಾಕುವುದಕ್ಕೆ ಸ್ವಲ್ಪ ದಿನ ಮುಂಚೆ ಊಟದ ಹೊತ್ತಿನಲ್ಲಿ ತನ್ನ ಸಂಗಾತಿಯ ಬಗ್ಗೆ ಮೊದಲ ಸಲ ಹೇಳಿಕೊಂಡಿದ್ದ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆ ಮೆಸೇಜ್ ಓದಿ ಅವನು ಎರಡು ದಿನ ರಜೆ ಹಾಕಿದ. ದೂರು ಕೊಟ್ಟದ್ದು ಅವನಲ್ಲ, ಬೇರೆ ಯಾರೋ. "ನಾನು ಅವನ ಬಗ್ಗೆ ಯೋಚನೆನೇ ಮಾಡಿರ್ಲಿಲ್ಲ ಕಣೋ" ಅಂತ ಗೆಳೆಯ ಆಮೇಲೆ ಹೇಳಿದ.

ಇದನ್ನು ಹೇಳದೆ ಬಿಟ್ಟರೆ ನಾನು ಒಂದು ಕಡೆಯ ವಕೀಲನಾಗುತ್ತೇನೆ. "ಇದು ಬರೀ ನನ್ನ ನಂಬಿಕೆ" ಅನ್ನುವ ಮಾತು ಆ ಹುಡುಗನ ಕಿವಿಗೆ ಬೇರೆ ಥರ ಕೇಳುತ್ತದೆ. ಬೆಂಗಳೂರಿನ ಪಾರ್ಕುಗಳಲ್ಲಿ, ಬೀದಿಗಳಲ್ಲಿ ಪೊಲೀಸರು ಲಿಂಗತ್ವ ಅಲ್ಪಸಂಖ್ಯಾತರನ್ನು ಹೆದರಿಸಿ ಹಣ ಕಿತ್ತ, ಹೊಡೆದ ಸಂಗತಿಗಳನ್ನು ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್‌ನ ಕರ್ನಾಟಕ ಘಟಕ 2001 ಮತ್ತು 2003ರ ವರದಿಗಳಲ್ಲಿ ದಾಖಲಿಸಿದೆ. 2008ರಲ್ಲಿ ಇಲ್ಲಿ ಮೊದಲ ಪ್ರೈಡ್ ನಡಿಗೆ ಆದಾಗ ಕೆಲವರು ಮುಖಕ್ಕೆ ಮುಖವಾಡ ಹಾಕಿಕೊಂಡು ಬಂದಿದ್ದರು. ಮನೆಯವರು ಟಿವಿಯಲ್ಲಿ ನೋಡಿಬಿಟ್ಟರೆ ಅನ್ನುವ ಭಯ. ಆ ಭಯದ ಹಿಂದೆ ಇದ್ದದ್ದು ಇದೇ ನಂಬಿಕೆ, ಅದರ ಜೊತೆಗೆ ಕಾನೂನಿನ ಲಾಠಿ. ಲಾಠಿ ಹೋಗಿ ಇನ್ನೂ ಹತ್ತು ವರ್ಷ ತುಂಬಿಲ್ಲ. ಅವರು ಬೆಚ್ಚಿಬೀಳುವುದು ಸಹಜ.

ಆದರೂ ನನ್ನ ಅಭಿಪ್ರಾಯ ಬದಲಾಗಲಿಲ್ಲ. ಆ ಹುಡುಗನ ನೋವಿಗೆ ಉತ್ತರವಾಗಿ ನನ್ನ ಗೆಳೆಯನ ಹೊಟ್ಟೆಯ ಮೇಲೆ ಹೊಡೆಯುವುದು ಸರಿಯಲ್ಲ. ಗೆಳೆಯ ತನ್ನನ್ನು ಬೇರೆಯವರು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟ. ಯಾರ ಹೆಸರೂ ಎತ್ತಲಿಲ್ಲ. ಅದೇ ಅವನು ಆ ಹುಡುಗನ ಮೇಜಿನ ಹತ್ತಿರ ಹೋಗಿ ದಿನಾ "ನೀನು ಪಾಪಿ" ಅಂದಿದ್ದರೆ, ಅವನ ಪ್ರಮೋಷನ್ ತಡೆದಿದ್ದರೆ, ಆಗ ವಾರ್ನಿಂಗ್ ಲೆಟರ್ ಕಡಿಮೆಯೇ ಆಗುತ್ತಿತ್ತು. ನಂಬಿಕೆ ಹೇಳುವುದು ಬೇರೆ, ಒಬ್ಬರ ಬೆನ್ನು ಬೀಳುವುದು ಬೇರೆ. ಒಂದು ಒಳ್ಳೆಯ ಆಫೀಸಿಗೆ ಈ ವ್ಯತ್ಯಾಸ ಗೊತ್ತಿರಬೇಕು.

ಸುಮ್ನಾಗಿಸಿದರೆ ಏನಾಗುತ್ತದೆ

ಜರ್ಮನಿಯ ಎಲಿಜಬೆತ್ ನೋಲ್-ನಾಯ್ಮನ್ ಅನ್ನುವ ವಿದ್ವಾಂಸೆ 1974ರಲ್ಲಿ ಒಂದು ವಿಚಾರ ಮುಂದಿಟ್ಟರು. ಮೌನದ ಸುರುಳಿ ಅಂತ ಅದನ್ನು ಕರೆಯಬಹುದು. ತನ್ನ ಅಭಿಪ್ರಾಯ ಕಡಿಮೆ ಜನರದ್ದು ಅಂತ ಅನ್ನಿಸಿದಾಗ ಮನುಷ್ಯ ಒಂಟಿಯಾಗುವ ಭಯಕ್ಕೆ ಸುಮ್ನಾಗುತ್ತಾನೆ. ಅವನು ಸುಮ್ನಾದದ್ದು ನೋಡಿ ಇನ್ನೊಬ್ಬ ಸುಮ್ನಾಗುತ್ತಾನೆ. ಆಗ ಎದುರು ಅಭಿಪ್ರಾಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಮ್ಮ ಬೀದಿಯ ಹುಡುಗಿ ಇಷ್ಟು ವರ್ಷ ಸುಮ್ಮನಿದ್ದದ್ದು ಇದೇ ಸುರುಳಿಯಲ್ಲಿ. ಈಗ ಆಫೀಸಿನಲ್ಲಿ ನನ್ನ ಗೆಳೆಯ ಅದಕ್ಕೆ ಸಿಕ್ಕಿದ್ದಾನೆ.

ಸುಮ್ನಾದವರು ಮನಸ್ಸು ಬದಲಿಸಿರುವುದಿಲ್ಲ. ಅವರು ತಮ್ಮವರೇ ಇರುವ ವಾಟ್ಸಾಪ್ ಗ್ರೂಪಿಗೆ ಹೋಗುತ್ತಾರೆ. ಅಲ್ಲಿ ಎದುರುಮಾತು ಆಡುವವರು ಇಲ್ಲ. "ನನ್ನ ಧರ್ಮದಲ್ಲಿ ಹೀಗೆ" ಅಂತ ಮೆತ್ತಗೆ ಶುರುವಾದದ್ದು ಅಲ್ಲಿ ದ್ವೇಷವಾಗಿ ಗಟ್ಟಿಯಾಗುತ್ತದೆ. ಮನೆಯಲ್ಲಿ ಮಗಳು ಬಂದು "ಅಮ್ಮಾ, ನಂಗೊಂದು ವಿಷಯ ಹೇಳ್ಬೇಕು" ಅಂದಾಗ ಅದರ ಬೆಲೆ ಅವಳು ತೆರುತ್ತಾಳೆ.

ಮನಸ್ಸು ನಿಜವಾಗಿ ಬದಲಾದ ಒಂದು ಉದಾಹರಣೆ ನಮ್ಮ ಪಕ್ಕದ ರಾಜ್ಯದಲ್ಲೇ ಇದೆ. ಮದುರೆಯ ಇಬ್ಬರು ಹುಡುಗಿಯರು ಮನೆಯವರಿಂದ ರಕ್ಷಣೆ ಕೇಳಿ ಮದ್ರಾಸ್ ಹೈಕೋರ್ಟಿಗೆ ಬಂದರು. ಕೇಸು ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ ಬಂತು. ಈ ವಿಷಯದಲ್ಲಿ ತಮಗೆ ಪೂರ್ವಗ್ರಹಗಳಿವೆ, ಸಾಮಾನ್ಯ ಜನರ ಹಾಗೇ ತಾವೂ ಯೋಚಿಸುತ್ತೇವೆ ಅಂತ ಅವರು ತಮ್ಮ ಆದೇಶದಲ್ಲೇ ಬರೆದುಕೊಂಡರು. ಆಮೇಲೆ ತಾವೇ ಒಬ್ಬ ಮನಃಶಾಸ್ತ್ರಜ್ಞೆಯ ಹತ್ತಿರ ಕೂತು ತಿಳಿದುಕೊಂಡರು. ಲಿಂಗತ್ವ ಅಲ್ಪಸಂಖ್ಯಾತರ ಜೊತೆ ಮಾತಾಡಿದರು. ಹುಡುಗಿಯರ ತಂದೆ ತಾಯಿಯ ಮಾತನ್ನೂ ಕೇಳಿಸಿಕೊಂಡರು, ಅವರನ್ನೂ ಸಮಾಲೋಚನೆಗೆ ಕಳಿಸಿದರು. 2021ರ ಜೂನ್ 7ರಂದು ಆದೇಶ ಕೊಟ್ಟು, ಒಲವನ್ನು "ಸರಿಪಡಿಸುವ" ಚಿಕಿತ್ಸೆಗಳನ್ನು ನಿಲ್ಲಿಸಿ ಅಂದರು. ಮುಂದಿನ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಂಥ ಚಿಕಿತ್ಸೆಯನ್ನು ವೈದ್ಯರ ವೃತ್ತಿ ದುರ್ನಡತೆ ಅಂತ ಹೇಳಿತು.

ಯೋಚನೆ ಮಾಡಿ. "ನನಗೆ ಪೂರ್ವಗ್ರಹ ಇದೆ" ಅಂತ ಅವರು ಬಾಯಿಬಿಟ್ಟು ಹೇಳಿದ ದಿನವೇ ಅದರ ಸ್ಕ್ರೀನ್‌ಶಾಟ್ ಹಿಡಿದು ರಾಜೀನಾಮೆ ಕೇಳಿದ್ದರೆ ಆ ಆದೇಶ ಬರುತ್ತಿತ್ತಾ? ಇದರರ್ಥ ಎಲ್ಲರೂ ಅವರ ಹಾಗೇ ಬದಲಾಗುತ್ತಾರೆ ಅಂತ ಅಲ್ಲ. ಬದಲಾಗಲೇಬೇಕು ಅನ್ನುವ ಷರತ್ತನ್ನೂ ನಾನು ಹಾಕುವುದಿಲ್ಲ. ನನ್ನ ಗೆಳೆಯ ಸಾಯುವವರೆಗೂ ಇದೇ ನಂಬಿಕೆ ಇಟ್ಟುಕೊಳ್ಳಬಹುದು. ಅದು ಅವನ ಹಕ್ಕು.

ಆದರೆ ನಮ್ಮ ಬೀದಿಯ ಮನೆಯವರು ಮಾಡಿದ್ದು ಆ ಹಕ್ಕಿನ ಒಳಗೆ ಬರುವುದಿಲ್ಲ. "ನಾವು ಇದನ್ನು ಒಪ್ಪಲ್ಲ ಮಗಳೇ" ಅನ್ನುವುದು ಅವರ ಹಕ್ಕು. ವಯಸ್ಸಿಗೆ ಬಂದ ಮಗಳನ್ನು ಕೂಡಿಹಾಕುವುದು ಅಪರಾಧ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಸೆಕ್ಷನ್, ಸಮುದಾಯದ ನೈತಿಕ ಅಥವಾ ಧಾರ್ಮಿಕ ನಂಬಿಕೆಗೆ ಹೊಂದದೇ ಇರುವುದನ್ನು ಮಾನಸಿಕ ಕಾಯಿಲೆ ಅಂತ ಹೇಳುವ ಹಾಗಿಲ್ಲ ಅನ್ನುತ್ತದೆ. ಈ ವಾಕ್ಯವನ್ನು ಆ ಅಮ್ಮನಿಗೆ ನಾನೇ ಕೂತು ಓದಿ ಹೇಳಿದೆ. ಅವರು ಅತ್ತರು. ಒಪ್ಪಲಿಲ್ಲ. ಆದರೆ ಫೋನ್ ವಾಪಸ್ ಕೊಟ್ಟಿದ್ದಾರೆ.

ಗೆಳೆಯನಿಗೆ ನಾನು ಹೇಳಿದ್ದು ಎರಡು ಮಾತು. ಕಂಪನಿಯ ನಡವಳಿಕೆ ನಿಯಮದಲ್ಲಿ ಯಾವ ಸಾಲನ್ನು ಮುರಿದೆ ಅಂತ ಲಿಖಿತವಾಗಿ ಕೇಳು. ಆ ಟ್ಯಾಗ್ ಹಾಕಿಕೊಳ್ಳುವುದು ಕಡ್ಡಾಯವಾ, ಐಚ್ಛಿಕವಾ ಅಂತಲೂ ಕೇಳು. ಅವನು ಇಮೇಲ್ ಕಳಿಸಿದ. ಟ್ಯಾಗ್ ಐಚ್ಛಿಕ ಅಂತ ಉತ್ತರ ಬಂತು. ಯಾವ ಸಾಲು ಅನ್ನುವುದಕ್ಕೆ ಉತ್ತರ ಇನ್ನೂ ಬಂದಿಲ್ಲ. ವಾರ್ನಿಂಗ್ ಲೆಟರ್ ಅವನ ಫೈಲಿನಲ್ಲಿ ಹಾಗೇ ಇದೆ. ಆ ಹುಡುಗನ ಜೊತೆ ಮಾತಾಡಿದೆಯಾ ಅಂತ ಮೊನ್ನೆ ಕೇಳಿದೆ. ಮಾತಾಡಿದೆ, ಅರ್ಧ ಗಂಟೆ, ಕ್ಯಾಂಟೀನಿನಲ್ಲಿ ಅಂದ. ಏನು ಮಾತಾಡಿದಿರಿ ಅಂತ ನಾನು ಕೇಳಲಿಲ್ಲ.